ಜಾಲತಾಣದ ಸ್ಥಳಾಂತರವೂ ವಿಳಾಸದ ರಕ್ಷಣೆಯೂ

ಕೆಲವು ವರ್ಷಗಳ ಹಿಂದೆ ನಾವು ನಮ್ಮ ಕಾಲೇಜಿನ ಭೌತವಿಜ್ಞಾನದ ಪ್ರಯೋಗ ಟಿಪ್ಪಣಿಗಳನ್ನೆಲ್ಲ ಸೇರಿಸಿ ಒಂದು ಜಾಲತಾಣವನ್ನು ನಿರ್ಮಿಸಿದೆವು. ಉಚಿತವಾಗಿ ಸ್ಥಳ ಕೊಡುತ್ತಿದ್ದ ಒಂದು ಸಂಸ್ಥೆಯ ಗಣಕಯಂತ್ರದಲ್ಲಿ ಅದು ನೆಲೆಸಿತ್ತು; ವಿಳಾಸದ ಕೊನೆಯಲ್ಲಿ ಆ ಸಂಸ್ಥೆಯ ಹೆಸರೇ ಇದ್ದಿತು. ಮುಂದೆ ಆ ಸಂಸ್ಥೆಯು ಉಚಿತ ಸೇವೆಯನ್ನು ನಿಲ್ಲಿಸಿತು. ಟಿಪ್ಪಣಿಗಳ ಪ್ರತಿ ನಮ್ಮಲ್ಲಿದ್ದುದರಿಂದ ಒಂದಕ್ಷರವೂ ನಷ್ಟವಾಗಲಿಲ್ಲ. ಆದರೆ ವಿದ್ಯಾರ್ಥಿಗಳ ಪ್ರಯೋಗ ಪುಸ್ತಕಗಳಲ್ಲಿ ಅಚ್ಚಾಗಿದ್ದ ವಿಳಾಸಗಳೆಲ್ಲ ಒಂದೇ ದಿನದಲ್ಲಿ ನಿರರ್ಥಕವಾದುವು. ಸಾಮಾನನ್ನೆಲ್ಲ ಜೋಪಾನವಾಗಿ ಹೊಸ ಮನೆಗೆ ಸಾಗಿಸಿ, ನೆಂಟರಿಷ್ಟರಿಗೆ ಮಾತ್ರ ತಿಳಿಸದೆ ಹೋದವರ ಸ್ಥಿತಿ ನಮ್ಮದಾಯಿತು.

ಹೀಗೇಕಾಯಿತೆಂಬುದನ್ನು ತಿಳಿಯಬೇಕಾದರೆ, ಜಾಲತಾಣದ ಹೆಸರು ಬೇರೆ, ಅದಿರುವ ಸ್ಥಳ ಬೇರೆ ಎಂಬುದನ್ನು ವಾಚಕರು ಮೊದಲು ಗ್ರಹಿಸಬೇಕು. ಅಂತರ್ಜಾಲದ ಯಂತ್ರಗಳು ಒಂದನ್ನೊಂದು ಗುರುತಿಸುವುದು 192.0.2.44 ಎಂಬಂತಹ ಅಂಕೆಗಳಿಂದ. ಮನುಷ್ಯನಿಗಾದರೋ ನೆನಪಿರುವುದು ಹೆಸರು. ಮೊದಮೊದಲು, ಯಾವ ಹೆಸರಿಗೆ ಯಾವ ಅಂಕೆ ಎಂಬ ಒಂದೇ ಪಟ್ಟಿಯನ್ನು ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಇಟ್ಟಿದ್ದರು. ಉಳಿದವರೆಲ್ಲ ಅದರ ನಕಲನ್ನು ತರಿಸಿಕೊಳ್ಳಬೇಕಾಗಿತ್ತು. ಯಂತ್ರಗಳು ಹೆಚ್ಚಿದಂತೆ ಈ ಪದ್ಧತಿ ಭಾರವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಪಟ್ಟಿಯನ್ನು ಅನೇಕರಲ್ಲಿ ಹಂಚಿಡುವ ಉಪಾಯವನ್ನು ಸೂಚಿಸಿದರು. ಅದೇ ಇಂದಿನ ಡಿ.ಎನ್.ಎಸ್. ವ್ಯವಸ್ಥೆ. ಇಲ್ಲಿ ಹೆಸರನ್ನು ಕೊನೆಯಿಂದ ಮೊದಲಿಗೆ ಬಿಡಿಸುತ್ತಾರೆ. ಹೆಸರು '.ಇನ್' ಎಂದು ಮುಗಿದರೆ, ಮೂಲದ ಸರ್ವರು '.ಇನ್' ದಫ್ತರದತ್ತ ಕೈತೋರಿಸುತ್ತದೆ; ಆ ದಫ್ತರವು ಹೆಸರಿನ ಒಡೆಯನು ನೇಮಿಸಿದ ಸರ್ವರನ್ನು ತೋರಿಸುತ್ತದೆ; ಅಂಕೆಯನ್ನು ಹೇಳುವುದು ಈ ಕೊನೆಯದು.

ಆ ಕೊನೆಯ ನಮೂದನ್ನು ತಿದ್ದುವ ಲೇಖನಿ ಯಾರ ಕೈಯಲ್ಲಿದೆ? ಪ್ರಶ್ನೆಯೆಲ್ಲ ಇಷ್ಟೇ. ವಾರ್ಷಿಕ ಶುಲ್ಕ ತೆತ್ತು ಪಡೆದ ಹೆಸರಾದರೆ ಅದು ನಿಮ್ಮ ಕೈಯಲ್ಲಿದೆ. ಹೆಸರು ಮತ್ತೊಬ್ಬರ ಹೆಸರಿನ ಕೊಂಬೆಯಾಗಿದ್ದರೆ, ಅವರ ದಾಕ್ಷಿಣ್ಯವನ್ನೇ ನಂಬಬೇಕು. ಕೆಲವು ಸಂಸ್ಥೆಗಳು, ಬಂದವರನ್ನು ಹೊಸ ವಿಳಾಸಕ್ಕೆ ಕಳುಹಿಸುವ ಏರ್ಪಾಡನ್ನು ಮಾಡಿಕೊಡುವುದುಂಟು. ಆಗ ಸರ್ವರು '301' ಎಂಬ ಸಂಕೇತವನ್ನು ಕೊಡಬೇಕು. 'ಶಾಶ್ವತವಾಗಿ ಸ್ಥಳಾಂತರಗೊಂಡಿದೆ' ಎಂದು ಅದರರ್ಥ. '302' ಎಂದರೆ ತಾತ್ಕಾಲಿಕ. ಆದರೆ ಬಾಗಿಲು ಮುಚ್ಚಿದ ಅಂಗಡಿಯಲ್ಲಿ ದಾರಿ ಹೇಳುವವರೂ ಇರುವುದಿಲ್ಲ! ಆದುದರಿಂದ ಹಳೆಯ ಮನೆಯಲ್ಲಿರುವಾಗಲೇ ಸ್ವಂತ ಹೆಸರನ್ನು ಪಡೆದು ಬಳಕೆಗೆ ತರುವುದು ಲೇಸು.

ಸ್ವಂತ ಹೆಸರಿದ್ದರೂ ಒಂದು ತೊಡಕುಂಟು. ಪ್ರತಿಸಲವೂ ಮೂಲದಿಂದ ವಿಚಾರಿಸುವುದು ವ್ಯರ್ಥಶ್ರಮವೆಂದು ನಡುವಿನ ಸರ್ವರುಗಳು ಉತ್ತರವನ್ನು ಕೆಲಕಾಲ ನೆನಪಿಟ್ಟುಕೊಳ್ಳುತ್ತವೆ. ಎಷ್ಟು ಕಾಲವೆಂಬುದನ್ನು ಆ ನಮೂದಿನಲ್ಲೇ ಬರೆದಿರುತ್ತದೆ: 86,400 ಸೆಕೆಂಡು, ಎಂದರೆ ಪೂರ್ಣ ಒಂದು ದಿನ, ಎಂದಿರಬಹುದು. ಈ ನೆನಪು ವಿಕಿರಣ ವಸ್ತುವಿನಂತೆ ಅರ್ಧಾಯುಷ್ಯದ ಲೆಕ್ಕದಲ್ಲಿ ಕ್ಷಯಿಸುವುದಿಲ್ಲ. ಅವಧಿ ಮುಗಿದೊಡನೆ ಒಮ್ಮೆಗೇ ಅಳಿದುಹೋಗುತ್ತದೆ. ಆದರೆ ಒಂದೊಂದು ಸರ್ವರು ಒಂದೊಂದು ಗಳಿಗೆಯಲ್ಲಿ ವಿಚಾರಿಸಿರುವುದರಿಂದ, ಈ ದಿನ ಬೆಳಿಗ್ಗೆ ಅಂಕೆಯನ್ನು ಬದಲಿಸಿದರೆ ನಾಳೆ ಬೆಳಗಿನವರೆಗೂ ಕೆಲವರು ಹಳೆಯ ಮನೆಗೂ ಕೆಲವರು ಹೊಸ ಮನೆಗೂ ಹೋಗುತ್ತಿರುವರು. ಇದನ್ನು ತಪ್ಪಿಸಲು, ಸ್ಥಳಾಂತರಕ್ಕೆ ಒಂದು ದಿನಕ್ಕೂ ಮೊದಲೇ ಅವಧಿಯನ್ನು 300 ಸೆಕೆಂಡಿಗೆ ಇಳಿಸಬೇಕು. ಹಳೆಯ ನೆನಪುಗಳೆಲ್ಲ ಅಳಿದ ಮೇಲೆ ಅಂಕೆಯನ್ನು ಬದಲಿಸಬೇಕು. ಹಳೆಯ ಯಂತ್ರವನ್ನು ಇನ್ನೂ ಕೆಲವು ದಿನ ನಡೆಸುತ್ತಿರಬೇಕು.

ಹೆಸರು ನಮ್ಮನ್ನು ತಲೆಬಾಗಿಲಿಗೆ ಮಾತ್ರ ತಲುಪಿಸುತ್ತದೆ. ಒಳಗಿನ ಕೋಣೆಯನ್ನು ಹೇಳುವುದು ಓರೆಗೆರೆಯಿಂದಾಚೆಗಿನ ಭಾಗ. ಹೊಸ ತಂತ್ರಾಂಶವು ಪುಟಗಳಿಗೆ ಬೇರೆ ದಾರಿಯನ್ನು ಕೊಟ್ಟರೆ, ಹಳೆಯ ದಾರಿಗಳನ್ನೆಲ್ಲ ಪಟ್ಟಿಮಾಡಿ ಒಂದೊಂದಕ್ಕೂ '301' ಬರೆಯಬೇಕಾಗುವುದು. ಬೇಸರದ ಕೆಲಸವೇ ಸರಿ. ಇನ್ನು ಸ್ವಂತ ಯಂತ್ರವನ್ನು ಮನೆಯಲ್ಲಿಡುವವರು ಸಂಪರ್ಕ ಕೊಡುವವರಿಂದ ಬದಲಾಗದ ಅಂಕೆಯನ್ನು ಕೇಳಿ ಪಡೆಯಬೇಕು. ಒಂದೇ ಅಂಕೆಯನ್ನು ಅನೇಕ ಚಂದಾದಾರರಿಗೆ ಹಂಚಿದ್ದರೆ ಹೊರಗಿನವರು ನೇರವಾಗಿ ಒಳಬರಲಾರರು.

ನಮ್ಮ ಹಳೆಯ ವಿಳಾಸಗಳು ಕಳೆದೇ ಹೋದುವು. ಹೊಸ ಹೆಸರನ್ನು ಪಡೆದು, ಪ್ರಯೋಗಶಾಲೆಯ ಮೂಲೆಯಲ್ಲೊಂದು ಯಂತ್ರವನ್ನಿಟ್ಟು, ಪುಸ್ತಕಗಳಿಗೆಲ್ಲ ಚೀಟಿ ಅಂಟಿಸಿದೆವು. ಎರಡು ವರ್ಷಗಳ ಮೇಲೆ ಆ ಯಂತ್ರವೂ ಮುದಿಯಾಗಿ, ಎಲ್ಲವನ್ನೂ ಬೇರೊಂದಕ್ಕೆ ಸಾಗಿಸಬೇಕಾಯಿತು. ಮರುದಿನದ ಪ್ರಯೋಗದ ವೇಳೆಯಲ್ಲಿ ವಿದ್ಯಾರ್ಥಿಗಳು ಅದೇ ಚೀಟಿಯನ್ನು ನೋಡಿ ಲೋಲಕದ ಟಿಪ್ಪಣಿಯನ್ನು ತೆರೆದರು. ಯಾರೂ ಏನನ್ನೂ ಕೇಳಲಿಲ್ಲ.