ಜಿಡ್ಡಿನ ಊಟವೂ ಯಕೃತ್ತಿನ ಕೊಬ್ಬೂ

ನಮ್ಮ ಶರೀರದ ಅವಯವಗಳಲ್ಲಿ ನೋವನ್ನು ಹೇಳಿಕೊಳ್ಳದೆ ದುಡಿಯತಕ್ಕದ್ದು ಯಕೃತ್ತು. ಹಲ್ಲು ಕೆಟ್ಟರೆ ನಿದ್ದೆ ಬಾರದು. ಹೊಟ್ಟೆ ಕೆಟ್ಟರೆ ಅಂದೇ ತಿಳಿಯುವುದು. ಯಕೃತ್ತಾದರೋ ವರ್ಷಗಟ್ಟಲೆ ಕೊಬ್ಬನ್ನು ತುಂಬಿಕೊಂಡರೂ ಸುಮ್ಮನಿರುವುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆಯಲ್ಲಿಯೂ, ಬೇರಾವುದೋ ಕಾರಣದಿಂದ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದವರ ವರದಿಯಲ್ಲಿ ‘ಫ್ಯಾಟಿ ಲಿವರ್’ ಎಂಬ ಎರಡು ಶಬ್ದಗಳು ಕಾಣುವುದು ಈಗ ಅಪರೂಪವಲ್ಲ. ಯಕೃತ್ತಿನ ಬೇನೆಯು ಕುಡಿಯುವವರಿಗೆ ಮಾತ್ರ ಬರತಕ್ಕದ್ದೆಂಬ ನಂಬಿಕೆಯು ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದಕಾರಣ ಮದ್ಯವನ್ನು ಕಣ್ಣಿನಿಂದಲೂ ನೋಡದ ಗೃಹಿಣಿಯು ‘ನೆರೆಯವರೇನೆಂದಾರು?’ ಎಂದು ಆ ಕಾಗದವನ್ನು ಮಡಿಚಿ ಪೆಟ್ಟಿಗೆಯ ತಳದಲ್ಲಿಟ್ಟುಬಿಡುವ ಸಂಭವವುಂಟು. ಹೀಗೆ ನಾಚಿಕೆಯಿಂದ ಕಳೆದುಹೋಗುವ ಕಾಲವೇ ಗುಣಪಡಿಸಿಕೊಳ್ಳಬಹುದಾದ ಕಾಲವಾಗಿರುವುದು. ಈ ವಿಷಯದಲ್ಲಿ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಯಕೃತ್ತು ಬಲಗಡೆಯ ಪಕ್ಕೆಲುಬುಗಳ ಕೆಳಗೆ ಇರುವುದು. ಪ್ರಾಯದವರಲ್ಲಿ ಅದರ ತೂಕ ಸುಮಾರು ೧½ ಕಿಲೋಗ್ರಾಂ. ಉಂಡ ಜಿಡ್ಡನ್ನು ಕರಗಿಸುವ ಪಿತ್ತರಸವನ್ನು ಸಿದ್ಧಪಡಿಸುವುದು, ಸಕ್ಕರೆಯನ್ನು ಕೂಡಿಟ್ಟು ಬೇಕಾದಾಗ ರಕ್ತಕ್ಕೆ ಬಿಡುವುದು, ವಿಷವಸ್ತುಗಳನ್ನು ನಿರ್ವೀರ್ಯಗೊಳಿಸುವುದು ಮೊದಲಾದ ನೂರಾರು ಕೆಲಸಗಳು ಅದರ ಪಾಲಿಗೆ ಬಂದಿವೆ. ಆರೋಗ್ಯವಂತರ ಯಕೃತ್ತಿನಲ್ಲಿಯೂ ಅಲ್ಪಸ್ವಲ್ಪ ಕೊಬ್ಬು ಇದ್ದೇ ಇರುವುದು; ಅದು ನೂರಕ್ಕೆ ೫ರ ಪ್ರಮಾಣವನ್ನು ಮೀರಿದಾಗ ಮಾತ್ರ ವೈದ್ಯರು ಅದನ್ನು ರೋಗವೆಂದು ಎಣಿಸುತ್ತಾರೆ.

ಈ ಕೊಬ್ಬು ಬರುವುದೆಲ್ಲಿಂದ? ಎಣ್ಣೆ ತಿಂದರೆ ಎಣ್ಣೆಯೇ ನೆಟ್ಟಗೆ ಯಕೃತ್ತಿಗೆ ಹೋಗಿ ಕುಳಿತುಕೊಳ್ಳುವುದೆಂದು ಅನೇಕರು ಭಾವಿಸಿದ್ದಾರೆ. ನಿಜಸ್ಥಿತಿಯು ಅಷ್ಟು ಸರಳವಲ್ಲ. ಇದನ್ನು ತಿಳಿಯಲು ನಮ್ಮ ವಾಡಿಯ ಜಂಕ್ಷನ್ನನ್ನೇ ನೆನೆದರೆ ಸಾಕು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುಹಾದಿ ತೆರೆದಂದಿನಿಂದ ಅಲ್ಲಿಗೆ ಮೂರು ದಿಕ್ಕುಗಳಿಂದ ಬಂಡಿಗಳು ಬರುತ್ತಲಿವೆ: ಸೊಲ್ಲಾಪುರದ ಕಡೆಯಿಂದ, ರಾಯಚೂರಿನ ಕಡೆಯಿಂದ, ಸೇಡಂ ಚಿತ್ತಾಪುರಗಳ ಮಾರ್ಗದಿಂದ. ಬಂದಷ್ಟು ಬಂಡಿಗಳು ಹೊರಟುಹೋದರೆ ತೊಂದರೆಯಿಲ್ಲ. ಬರುವುದು ಹೆಚ್ಚಾಗಿ ಹೋಗುವುದು ಕಡಿಮೆಯಾದರೆ ಹಳಿಗಳೆಲ್ಲ ತುಂಬಿ ಕೆಲಸ ನಿಂತುಹೋಗುವುದು.

ಯಕೃತ್ತಿಗೂ ಕೊಬ್ಬು ಮೂರು ಹಾದಿಗಳಿಂದ ಬರುವುದು. ಮೊದಲನೆಯದು, ಮೈಯೊಳಗಿನ ಕೊಬ್ಬಿನ ಉಗ್ರಾಣ. ನಮ್ಮ ರೈತರು ಹಿಂದೆ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದಂತೆ, ಶರೀರವು ಮಿಕ್ಕ ಆಹಾರವನ್ನು ಚರ್ಮದ ಕೆಳಗೂ ಹೊಟ್ಟೆಯ ಸುತ್ತಲೂ ಕೊಬ್ಬಾಗಿ ತುಂಬಿಡುವುದು. ಇನ್ಸುಲಿನ್ ಎಂಬ ರಸವು ಈ ಹಗೇವಿನ ಬಾಯಿಯನ್ನು ಮುಚ್ಚಿಡುವ ಬಂಡೆಯಿದ್ದಂತೆ. ಮೈ ಬೊಜ್ಜು ಬೆಳೆದು ಇನ್ಸುಲಿನ್ನಿನ ಮಾತು ನಡೆಯದಂತಾದರೆ ಬಂಡೆ ಸಡಿಲಾಗಿ, ಕೊಬ್ಬು ಹಗಲಿರುಳೂ ರಕ್ತಕ್ಕೆ ಸೋರಿ ಯಕೃತ್ತನ್ನು ಸೇರುವುದು. ಎರಡನೆಯದು, ಯಕೃತ್ತು ತಾನೇ ತಯಾರಿಸುವ ಕೊಬ್ಬು. ಬೇಕಾದುದಕ್ಕಿಂತ ಹೆಚ್ಚಾದ ಸಕ್ಕರೆ, ಅನ್ನ, ಮೈದಾಗಳು ಅಲ್ಲಿ ಕೊಬ್ಬಾಗಿ ಮಾರ್ಪಡುವುವು. ಮೂರನೆಯದು, ಅಂದಂದಿನ ಊಟದ ಜಿಡ್ಡು. ಹೊರಹೋಗುವ ಹಾದಿಗಳು ಎರಡೇ: ಕೊಬ್ಬನ್ನು ಉರಿಸಿ ಶಕ್ತಿಯಾಗಿ ಮಾಡಿಕೊಳ್ಳುವುದು, ಇಲ್ಲವೆ ಪ್ರೋಟೀನಿನ ಹೊದಿಕೆಯಲ್ಲಿ ಕಟ್ಟಿ ರಕ್ತದ ಮೂಲಕ ಹೊರಗೆ ಕಳುಹಿಸುವುದು.

೨೦೦೫ರಲ್ಲಿ ಅಮೇರಿಕದ ಸಂಶೋಧಕರು ಇಂಥ ರೋಗಿಗಳ ಯಕೃತ್ತಿನ ಕೊಬ್ಬನ್ನು ಪರೀಕ್ಷಿಸಿ, ಅದರಲ್ಲಿ ನೂರಕ್ಕೆ ೫೯ ಪಾಲು ಮೈಯ ಉಗ್ರಾಣದಿಂದಲೂ, ೨೬ ಪಾಲು ಯಕೃತ್ತಿನ ಸ್ವಂತ ತಯಾರಿಕೆಯಿಂದಲೂ, ೧೫ ಪಾಲು ಮಾತ್ರ ನೇರವಾಗಿ ಊಟದ ಜಿಡ್ಡಿನಿಂದಲೂ ಬಂದುದೆಂದು ಕಂಡುಕೊಂಡರು. ಹಾಗಾದರೆ ಜಿಡ್ಡು ನಿರಪರಾಧಿಯೇ? ಅಲ್ಲ. ಒಂದು ಗ್ರಾಂ ಜೋಳದ ಹಿಟ್ಟಿನ ಪಿಷ್ಟವು ೪ ಕ್ಯಾಲೊರಿ ಶಕ್ತಿಯನ್ನು ಕೊಟ್ಟರೆ, ಒಂದು ಗ್ರಾಂ ಎಣ್ಣೆಯು ೯ ಕ್ಯಾಲೊರಿ ಕೊಡುವುದು. ಹಗೇವನ್ನು ಅತಿ ಬೇಗ ತುಂಬಿ ತುಳುಕಿಸುವುದು ಜಿಡ್ಡೇ.

ಜಿಡ್ಡುಗಳಲ್ಲಿಯೂ ಭೇದವುಂಟು. ತಂಪಿನಲ್ಲಿ ಗಟ್ಟಿಯಾಗುವ ತುಪ್ಪ, ಬೆಣ್ಣೆ, ವನಸ್ಪತಿ, ತಾಳೆಎಣ್ಣೆಗಳಲ್ಲಿ ‘ಪರ್ಯಾಪ್ತ’ವೆಂಬ ಜಾತಿಯ ಕೊಬ್ಬು ಹೆಚ್ಚು, ಕುಸುಬೆ, ಸೂರ್ಯಕಾಂತಿ, ಶೇಂಗಾ ಎಣ್ಣೆಗಳಲ್ಲಿ ಕಡಿಮೆ. ಸ್ವೀಡನ್ ದೇಶದ ಉಪ್ಸಾಲದಲ್ಲಿ ೩೯ ಮಂದಿ ತರುಣ ತರುಣಿಯರಿಗೆ ೭ ವಾರಗಳ ಕಾಲ ನಿತ್ಯದ ಊಟದ ಮೇಲೆ ಹೆಚ್ಚಿನ ತಿನಿಸನ್ನು ಕೊಡಲಾಯಿತು. ಕೆಲವರ ತಿನಿಸು ತಾಳೆಎಣ್ಣೆಯದು, ಕೆಲವರದು ಸೂರ್ಯಕಾಂತಿ ಎಣ್ಣೆಯದು. ಎರಡು ಗುಂಪಿನವರ ತೂಕವೂ ಒಂದೇ ಸಮನಾಗಿ ಏರಿದರೂ, ಯಕೃತ್ತಿನ ಕೊಬ್ಬು ತಾಳೆಎಣ್ಣೆಯವರಲ್ಲಿಯೇ ಬಹಳವಾಗಿ ಹೆಚ್ಚಿತ್ತೆಂದು ೨೦೧೪ರಲ್ಲಿ ಪ್ರಕಟವಾಯಿತು. ೨೦೧೮ರಲ್ಲಿ ಪ್ರಕಟವಾದ ಫಿನ್ಲೆಂಡಿನ ಪ್ರಯೋಗದಲ್ಲಿ ೩೮ ಮಂದಿ ಸ್ಥೂಲಕಾಯರು ೩ ವಾರ ದಿನಕ್ಕೆ ೧,೦೦೦ ಕ್ಯಾಲೊರಿ ಹೆಚ್ಚಾಗಿ ತಿಂದರು. ಪರ್ಯಾಪ್ತ ಕೊಬ್ಬನ್ನು ತಿಂದವರ ಯಕೃತ್ತಿನ ಕೊಬ್ಬು ಮೊದಲಿದ್ದುದಕ್ಕಿಂತ ನೂರಕ್ಕೆ ೫೫ರಷ್ಟು, ಸಕ್ಕರೆ ತಿಂದವರದು ೩೩ರಷ್ಟು, ಅಪರ್ಯಾಪ್ತ ಕೊಬ್ಬಿನವರದು ೧೫ರಷ್ಟು ಏರಿತು. ಇದರಿಂದ ಮೂರು ಪಾಠಗಳು ಹೊರಡುವುವು: ಗಟ್ಟಿ ಜಿಡ್ಡಿನ ಅತಿಸೇವನೆ ಎಲ್ಲಕ್ಕಿಂತ ಕೇಡು; ಸಕ್ಕರೆಯೂ ಅದರ ಹಿಂದೆಯೇ ಬರುವುದು; ಒಳ್ಳೆಯ ಎಣ್ಣೆಯಾದರೂ ಮಿತಿಮೀರಿದರೆ ಒಳ್ಳೆಯದಲ್ಲ.

ಇಲ್ಲಿ ಇನ್ನೊಂದು ವಿಚಿತ್ರವನ್ನು ಹೇಳಬೇಕು. ಉಂಡು ಬೆಳೆದವರಿಗೆ ಮಾತ್ರವಲ್ಲ, ಅರೆಹೊಟ್ಟೆಯವರಿಗೂ ಯಕೃತ್ತು ಕೊಬ್ಬುವುದುಂಟು. ಇನ್ಸುಲಿನ್ನನ್ನು ಕಂಡುಹಿಡಿದವರಲ್ಲೊಬ್ಬರಾದ ಚಾರ್ಲ್ಸ್ ಬೆಸ್ಟ್ ಅವರೂ ಅವರ ಸಂಗಡಿಗರೂ ಟೊರಾಂಟೋದಲ್ಲಿ ೧೯೩೨ರ ಸುಮಾರಿಗೆ ಪ್ರಯೋಗ ನಡೆಸಿ, ಜಿಡ್ಡಿನ ಆಹಾರದಿಂದ ಇಲಿಗಳ ಯಕೃತ್ತು ಕೊಬ್ಬುವುದನ್ನು ಕೋಲೀನ್ ಎಂಬ ಆಹಾರಾಂಶವು ತಡೆಯುವುದೆಂದು ತೋರಿಸಿದರು. ಅದೇ ಕಾಲದಲ್ಲಿ, ೧೯೩೩ರಲ್ಲಿ, ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಮೊಲೆಹಾಲು ಬಿಟ್ಟ ಮೇಲೆ ಬರಿಯ ಮೆಕ್ಕೆಜೋಳದ ಗಂಜಿಯಲ್ಲಿ ಬೆಳೆದ ಮಕ್ಕಳ ಮೈ ಬಾತು ಯಕೃತ್ತು ಕೊಬ್ಬಿ ಅವರು ಸಾಯುತ್ತಿದ್ದುದನ್ನು ವರ್ಣಿಸಿದರು. ಕೊಬ್ಬನ್ನು ಕಟ್ಟಿ ಹೊರಗೆ ಕಳುಹಿಸಲು ಬೇಕಾದ ಸಾಮಗ್ರಿಯಿಲ್ಲದಿದ್ದರೆ ಅದು ಯಕೃತ್ತಿನಲ್ಲಿಯೇ ನಿಲ್ಲುವುದು. ತೊಗರಿಬೇಳೆ, ಹೆಸರು, ಮೊಟ್ಟೆ, ಮಜ್ಜಿಗೆಗಳು ನಿತ್ಯದ ಊಟದಲ್ಲಿ ಇರಬೇಕಾದುದು ಇದಕ್ಕಾಗಿಯೇ. ೨೦೧೯ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಕಲಬುರಗಿಯ ತೊಗರಿಬೇಳೆಯು ನಮ್ಮ ಹೊಲಗಳ ಬೆಳೆಯಾಗಿರುವಾಗ, ಅದನ್ನೆಲ್ಲ ಪೇಟೆಗೆ ಕಳುಹಿಸಿ ಮನೆಯ ಮಕ್ಕಳಿಗೆ ತಿಳಿಸಾರನ್ನು ಬಡಿಸುವುದು ತರವಲ್ಲ.

ನಮ್ಮ ಸೀಮೆಯ ಹಳೆಯ ಊಟವನ್ನು ನೋಡಿದರೆ ಅದು ಯಕೃತ್ತಿಗೆ ಹಿತವಾದುದೇ ಆಗಿತ್ತು. ಜೋಳದ ರೊಟ್ಟಿಗೆ ಎಣ್ಣೆ ಬೇಡ. ಪುಂಡಿಪಲ್ಯ, ಬೇಳೆ, ಅಗಸಿ ಹಿಂಡಿ, ಮಜ್ಜಿಗೆ ಇವೇ ಅದರ ಜೊತೆಗಾರರು. ಹಬ್ಬಕ್ಕೊಮ್ಮೆ ತುಪ್ಪ, ಜಾತ್ರೆಗೊಮ್ಮೆ ಮಿರ್ಚಿ ಭಜಿ. ಶಹಾಬಾದಿನ ಹಾಸುಗಲ್ಲಿನ ಗಣಿಯಲ್ಲಿ ದಿನವಿಡೀ ಸುತ್ತಿಗೆ ಬೀಸಿದವನಿಗೆ ಉಂಡುದೆಲ್ಲ ಉರಿದುಹೋಗುತ್ತಿತ್ತು. ಅವನ ಮಗನು ಕುರ್ಚಿಯ ಮೇಲೆ ಕುಳಿತು ದುಡಿಯುವನು. ಊಟ ತಂದೆಯದಕ್ಕಿಂತ ಹೆಚ್ಚು, ನಡಿಗೆ ಕಡಿಮೆ. ಹಬ್ಬದ ಭಜಿಯು ಪ್ರತಿ ಸಂಜೆಯ ಭಜಿಯಾಗಿದೆ. ಅದನ್ನು ಕರಿಯುವ ಎಣ್ಣೆಯಾದರೂ ಎಂಥದು? ೧೯೩೭ರಲ್ಲಿ ಡಾಲ್ಡಾ ಬಂದಂದಿನಿಂದ ವನಸ್ಪತಿಯು ಅಗ್ಗದ ತುಪ್ಪವೆಂದು ಮನೆಮನೆಗೆ ಹೊಕ್ಕಿತು. ಅದರೊಳಗಿನ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೇಡೆಂದು ತಿಳಿದ ಮೇಲೆ ಸರ್ಕಾರವು ೨೦೨೨ರ ಜನವರಿಯಿಂದ ಅದನ್ನು ನೂರಕ್ಕೆ ೨ರ ಮಿತಿಗೆ ಇಳಿಸಿತು. ಆದರೂ ಪರ್ಯಾಪ್ತ ಕೊಬ್ಬು ಅದರಲ್ಲಿ ಇದ್ದೇ ಇದೆ. ಇನ್ನು ದಿನಕ್ಕೆ ನಾಲ್ಕು ಸಲ ಎರಡೆರಡು ಚಮಚ ಸಕ್ಕರೆಯ ಚಹ ಕುಡಿಯುವವರು ಆ ದಾರಿಯಿಂದಲೇ ೪೦ ಗ್ರಾಂ ಸಕ್ಕರೆಯನ್ನು ನುಂಗುತ್ತಾರೆಂಬುದನ್ನು ಲೆಕ್ಕ ಹಾಕಬೇಕು.

ಕೊಬ್ಬಿದ ಯಕೃತ್ತು ಎಲ್ಲರಲ್ಲಿಯೂ ಕೆಡುವುದಿಲ್ಲ. ಆದರೆ ಕೆಲವರಲ್ಲಿ ಅದು ಉರಿಯೂತಕ್ಕೂ, ಅಲ್ಲಿಂದ ಗಾಯದ ಕಲೆಯಂಥ ನಾರುಗಟ್ಟುವಿಕೆಗೂ, ಕೊನೆಗೆ ಸಿರೋಸಿಸ್ ಇಲ್ಲವೆ ಅರ್ಬುದಕ್ಕೂ ತಿರುಗುವುದು. ಮಧುಮೇಹಿಗಳು ಈ ವಿಷಯದಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು. ನೋಡಲು ತೆಳ್ಳಗಿರುವವರೂ ತಪ್ಪಿಸಿಕೊಂಡರೆಂದು ತಿಳಿಯಬಾರದು. ನಮ್ಮ ದೇಶದವರಲ್ಲಿ ಕೈಕಾಲು ಸಣ್ಣಗಿದ್ದೂ ಹೊಟ್ಟೆಯೊಳಗೆ ಕೊಬ್ಬು ಶೇಖರವಾಗುವುದು ಸಾಮಾನ್ಯ. ಸೊಂಟದ ಸುತ್ತಳತೆಯು ಹೆಂಗಸರಲ್ಲಿ ೮೦, ಗಂಡಸರಲ್ಲಿ ೯೦ ಸೆಂಟಿಮೀಟರನ್ನು ಮೀರಿದರೆ ವೈದ್ಯರನ್ನು ಕಾಣುವುದು ಲೇಸು. ಭಾರತ ಸರ್ಕಾರವು ೨೦೨೧ರಲ್ಲಿ ಈ ರೋಗವನ್ನು ಮಧುಮೇಹ, ಹೃದ್ರೋಗ, ಅರ್ಬುದಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿತು. ೨೦೨೩ರಲ್ಲಿ ಪ್ರಪಂಚದ ಯಕೃತ್ ವೈದ್ಯರು ಕೂಡಿ, ಮದ್ಯದ ಮಾತೂ ಕೊಬ್ಬಿದವರೆಂಬ ಮಾತೂ ರೋಗಿಗಳನ್ನು ನೋಯಿಸುವುವೆಂದು ಅದರ ಹೆಸರನ್ನೇ ಬದಲಾಯಿಸಿದರು. ಪಂಡಿತರು ಅಷ್ಟು ಯೋಚಿಸಿರುವಾಗ ನಾವು ನೆರೆಯವರ ಮೇಲೆ ಸಂಶಯದ ಮಾತನ್ನಾಡುವುದು ಸಲ್ಲದು.

ಇದಕ್ಕೆ ಉಪಾಯವು ಬಹಳ ಮಟ್ಟಿಗೆ ಮನೆಯಲ್ಲಿಯೇ ಇದೆ. ೭೦ ಕಿಲೋ ತೂಕದ ಸ್ಥೂಲಕಾಯರು ೩½ ಕಿಲೋ ಇಳಿಸಿದರೆ ಯಕೃತ್ತಿನ ಕೊಬ್ಬು ತಗ್ಗತೊಡಗುವುದು. ೫ರಿಂದ ೭ ಕಿಲೋ ಇಳಿಸಿದರೆ ಉರಿಯೂತವೂ ಶಮನವಾಗುವ ಸಂಭವ ಹೆಚ್ಚು. ಆದರೆ ಉಪವಾಸ ಬಿದ್ದು ಒಮ್ಮೆಗೇ ಇಳಿಯಬಾರದು. ಹಾಗೆ ಮಾಡಿದರೆ ಹಗೇವಿನ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗುವುದು. ವಾರಕ್ಕೆ ಅರ್ಧ ಕಿಲೋದಂತೆ ಇಳಿಯುವುದು ಸಾಕು. ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಕುಡಿತವಿದ್ದರೆ ಬಿಡಬೇಕು. ‘ಲಿವರ್ ಟಾನಿಕ್’ ಎಂದು ಅಂಗಡಿಯಲ್ಲಿ ಮಾರುವುದನ್ನೂ, ಗುರುತಿಲ್ಲದ ಬೇರುಗಳನ್ನೂ ವೈದ್ಯರನ್ನು ಕೇಳದೆ ಸೇವಿಸಬಾರದು. ಕೆಲವು ಮೂಲಿಕೆಗಳಿಂದಲೇ ಯಕೃತ್ತಿಗೆ ಹಾನಿಯಾಗುವುದುಂಟು.

ಎಣ್ಣೆಯ ಲೆಕ್ಕವನ್ನು ಮಾತ್ರ ಗೃಹಿಣಿಯರೇ ಹಿಡಿಯಬೇಕು. ಹೆಚ್ಚು ಮೈಮುರಿದು ದುಡಿಯದವರಿಗೆ ದಿನಕ್ಕೆ ೨೦ರಿಂದ ೩೦ ಗ್ರಾಂ ಎಣ್ಣೆ ತುಪ್ಪಗಳು ಸಾಕು. ನಾಲ್ವರ ಮನೆಯಲ್ಲಿ ತಲೆಗೆ ೨೫ ಗ್ರಾಂನಂತೆ ಹಿಡಿದರೂ ತಿಂಗಳಿಗೆ ೩ ಕಿಲೋ, ಅಂದರೆ ಸುಮಾರು ೩¼ ಲೀಟರು. ತಿಂಗಳ ಮೊದಲ ದಿನ ಅಷ್ಟನ್ನೇ ಅಳೆದು ಬೇರೆ ಡಬ್ಬಿಯಲ್ಲಿಟ್ಟು, ಅದು ಯಾವ ದಿನ ಮುಗಿಯುವುದೆಂದು ಗುರುತು ಹಾಕಿ ನೋಡಿರಿ. ಇಪ್ಪತ್ತನೆಯ ದಿನಕ್ಕೇ ತಳ ಕಂಡರೆ ಎಲ್ಲಿ ಕಡಿಮೆ ಮಾಡಬೇಕೆಂಬುದನ್ನು ಆ ಡಬ್ಬಿಯೇ ಹೇಳುವುದು.

ನಮ್ಮ ಶಾಲೆಯಲ್ಲಿ ಓದಿ ಹೋದ ಸೋದರಿಯರು ಇಂದು ಎಷ್ಟೋ ಮನೆಗಳ ಒಲೆಯ ಯಜಮಾನಿಯರಾಗಿದ್ದಾರೆ. ಎಲ್ಲರಿಗೂ ಬಡಿಸಿ ತಾವು ಕಡೆಗೆ ಉಣ್ಣುವುದೂ, ತಮ್ಮ ಬೇನೆಯನ್ನು ಕಡೆಗೆ ಎಣಿಸುವುದೂ ಅವರ ವಾಡಿಕೆ. ಪೆಟ್ಟಿಗೆಯ ತಳದಲ್ಲಿ ಅಂಥ ವರದಿಯೇನಾದರೂ ಇದ್ದರೆ ಅದನ್ನು ಹೊರತೆಗೆದು ವೈದ್ಯರ ಮುಂದಿಡಿರಿ. ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಯಕೃತ್ತು ತಾನಾಗಿ ಮಾತನಾಡದು. ಅದರ ಪರವಾಗಿ ನಾವೇ ಮಾತನಾಡಬೇಕು.