ತೆರೆಯದ ಕಿಟಕಿ, ಕದಲದ ಅಂಕಿ

“ಡಾಕ್ಟ್ರೇ, ಆ ಕಿಟಕೀನ ಒಂಚೂರು ತೆಗೆಸಿಕೊಡಪ್ಪ. ಉಸಿರು ಕಟ್ಟಿದ ಹಾಗಾಗುತ್ತೆ.”

ಮಂಡ್ಯದ ಕಡೆಯ ಆ ಹಿರಿಯ ತಾಯಿ ನನ್ನನ್ನು ಹೀಗೆ ಕೇಳಿದ್ದು ಜನವರಿಯ ಒಂದು ಸಂಜೆ. ಮಿನಿಯಾಪೊಲಿಸ್‌ನಲ್ಲಿ ಅಂದು ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಚಳಿ. ಮಗನ ಸಂಸಾರವನ್ನು ನೋಡಲೆಂದು ಬಂದಿದ್ದವರು, ಬಿಡದ ಕೆಮ್ಮಿನಿಂದ ಸೊರಗಿ, ಕಫದಲ್ಲಿ ರಕ್ತ ಕಾಣಿಸಿಕೊಂಡಾಗ ನಮ್ಮ ಆಸ್ಪತ್ರೆಗೆ ದಾಖಲಾಗಿದ್ದರು. ಎದೆಯ ಎಕ್ಸ್‌-ರೇ ನೋಡಿದೊಡನೆ ಕ್ಷಯವೆಂಬ ಸಂಶಯ ಬಲವಾಯಿತು. ಅವರನ್ನು ಪ್ರತ್ಯೇಕ ಕೋಣೆಯಲ್ಲಿ ಇರಿಸಿದೆವು. (ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

“ಅಮ್ಮಾ, ಇಲ್ಲಿನ ಕಿಟಕಿಗಳು ತೆರೆಯುವುದಿಲ್ಲ. ಗಾಳಿಯನ್ನು ಯಂತ್ರವೇ ನೋಡಿಕೊಳ್ಳುತ್ತದೆ” ಎಂದೆ. ಆಕೆ ಗಾಜಿನಾಚೆಯ ಹಿಮವನ್ನೊಮ್ಮೆ, ನನ್ನ ಮುಖವಾಡವನ್ನೊಮ್ಮೆ ನೋಡಿ ಸುಮ್ಮನಾದರು. ಯಂತ್ರದ ಪರವಾಗಿ ನಾನು ಕೊಟ್ಟ ಆ ಭರವಸೆ ಎರಡು ಗಂಟೆಯೂ ಬಾಳಲಿಲ್ಲ.

ಕ್ಷಯರೋಗಿಯ ಕೋಣೆಗೆ ಎರಡು ನಿಯಮಗಳಿವೆ. ಮೊದಲನೆಯದು, ಅಲ್ಲಿನ ಗಾಳಿ ಗಂಟೆಗೆ ಕನಿಷ್ಠ 12 ಬಾರಿ ಬದಲಾಗಬೇಕು. ಎರಡನೆಯದು, ಕೋಣೆಯ ಒಳಗಿನ ಒತ್ತಡವು ಹೊರಗಿನ ಓಣಿಯದಕ್ಕಿಂತ ಕನಿಷ್ಠ 2.5 ಪ್ಯಾಸ್ಕಲ್‌ನಷ್ಟು ಕಡಿಮೆ ಇರಬೇಕು. ಹಾಗಿದ್ದರೆ ಮಾತ್ರ ಗಾಳಿ ಓಣಿಯಿಂದ ಕೋಣೆಗೆ ಹರಿಯುತ್ತದೆ. ರೋಗಿ ಕೆಮ್ಮಿದಾಗ ತೇಲುವ ರೋಗಾಣುಗಳು ಹೊರಗೆ ಬಾರದೆ ಛಾವಣಿಯ ಕೊಳವೆಯ ಮೂಲಕ ಆಚೆ ಹೋಗುತ್ತವೆ. ಈ 2.5 ಪ್ಯಾಸ್ಕಲ್ ಎನ್ನುವುದು ವಾತಾವರಣದ ಒತ್ತಡದ ಸುಮಾರು ನಲವತ್ತು ಸಾವಿರದಲ್ಲೊಂದು ಭಾಗ. ಕಿವಿಗೆ ತಿಳಿಯದು, ಚರ್ಮಕ್ಕೆ ತಾಗದು. ಬಾಗಿಲ ಪಕ್ಕದ ಪುಟ್ಟ ಫಲಕವನ್ನು ನೋಡಿಯೇ ನಾವು ಒಳಹೋಗುತ್ತೇವೆ. ಅಂದು ಆ ಫಲಕದಲ್ಲಿ ಹಸಿರು ದೀಪ ಉರಿಯುತ್ತಿತ್ತು. ಅಂಕಿ: ಮೈನಸ್ 5.0.

ರಾತ್ರಿಯ ಪಾಳಿಗೆ ಬಂದ ದಾದಿ ಹಳೆಯ ಕಾಲದವರು. ಅವರು ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ತೆಳುವಾದ ಟಿಶ್ಯೂ ಕಾಗದದ ಪಟ್ಟಿಯೊಂದನ್ನು ಹಿಡಿದರು. ಕಾಗದವು ಒಳಕ್ಕೆ ಸೆಳೆಯಲ್ಪಡಬೇಕಿತ್ತು. ಅದು ಅವರ ಕಡೆಗೇ ಬಾಗಿತು. ಮತ್ತೊಮ್ಮೆ ಹಿಡಿದರು, ಮತ್ತೆ ಹೊರಕ್ಕೇ ಬಾಗಿತು. ಫಲಕ ಮಾತ್ರ ಮೈನಸ್ 5.0 ಎಂದೇ ಹೇಳುತ್ತಿತ್ತು. ಅವರು ನನಗೆ ಕರೆ ಮಾಡಿ ಒಂದೇ ಮಾತು ಹೇಳಿದರು: “ಡಾಕ್ಟರ್, ಕೋಣೆ ಹೊರಕ್ಕೆ ಉಸಿರಾಡುತ್ತಿದೆ.”

ಎದುರಿನ ಕೋಣೆಯಲ್ಲಿ ಕೀಮೋಥೆರಪಿಯಿಂದ ರೋಗನಿರೋಧಕ ಶಕ್ತಿ ಕುಂದಿದ್ದ ರೋಗಿಯೊಬ್ಬರಿದ್ದರು. ಅವರ ಬಾಗಿಲನ್ನು ಮುಚ್ಚಿಸಿ, ತಾಯಿಗೆ ಮುಖಗವಸು ತೊಡಿಸಿ, ಮತ್ತೊಂದು ಕೋಣೆಯನ್ನು ಕಾಗದದಿಂದಲೇ ಪರೀಕ್ಷಿಸಿ, ಅರ್ಧ ಗಂಟೆಯೊಳಗೆ ಅವರನ್ನು ಅಲ್ಲಿಗೆ ಸಾಗಿಸಿದೆವು. ಈ ಪರೀಕ್ಷೆಯನ್ನು ದಾಖಲಿಸಿಕೊಳ್ಳುವಾಗಲೇ ಮಾಡಬೇಕಿತ್ತು. ಗಡಿಬಿಡಿಯಲ್ಲಿ ತಪ್ಪಿಹೋಗಿತ್ತು. ಹಸಿರು ದೀಪವನ್ನು ನಂಬಿದವರಲ್ಲಿ ನಾನೂ ಒಬ್ಬ.

ಮರುದಿನ ಕಾರಣ ತಿಳಿಯಲೆಂದು ಆಸ್ಪತ್ರೆಯ ನೆಲಮಾಳಿಗೆಗೆ ಇಳಿದೆ. ಅಲ್ಲಿ ಕಟ್ಟಡದ ಇಂಜಿನಿಯರ್ ಒಬ್ಬರು ಮೂರು ಪರದೆಗಳ ಮುಂದೆ ಕುಳಿತಿದ್ದರು. ಎಷ್ಟೋ ವರ್ಷ ಒಂದೇ ಸೂರಿನಡಿ ದುಡಿದರೂ ನಾವಿಬ್ಬರೂ ಮಾತನಾಡಿದ್ದು ಅದೇ ಮೊದಲು. ಅವರು ನನ್ನನ್ನು ಮೇಲಿನ ಅಂತಸ್ತಿಗೆ ಕರೆದೊಯ್ದು, ಏಣಿ ಹತ್ತಿಸಿ, ಓಣಿಯ ಚಾವಣಿಯ ಹಲಗೆಯೊಂದನ್ನು ಸರಿಸಿದರು. ಒಳಗೆ ದಪ್ಪ ಪುಸ್ತಕದಷ್ಟು ಗಾತ್ರದ ಪೆಟ್ಟಿಗೆ, ಅದರಿಂದ ಹೊರಟ ಬಣ್ಣಬಣ್ಣದ ತಂತಿಗಳು. “ನಿಮ್ಮ ಕೋಣೆಯನ್ನು ನಡೆಸುವವನು ಇವನೇ” ಎಂದರು.

ಅದರ ಹೆಸರು ಕಂಟ್ರೋಲರ್. ಹೆಚ್ಚುಕಡಿಮೆ ಒಂದು ಪುಟ್ಟ ಕಂಪ್ಯೂಟರ್. ಒಂದು ಬದಿಯಿಂದ ಉಷ್ಣತೆ, ತೇವಾಂಶ, ಒತ್ತಡಗಳನ್ನು ಅಳೆಯುವ ಸೆನ್ಸರ್‌ಗಳ ಸುದ್ದಿ ಬರುತ್ತದೆ; ಇನ್ನೊಂದು ಬದಿಯಿಂದ ಗಾಳಿಕೊಳವೆಯ ಡ್ಯಾಂಪರ್‌ಗೆ, ಬಿಸಿನೀರಿನ ವಾಲ್ವ್‌ಗೆ, ಫ್ಯಾನ್‌ಗೆ ಆಜ್ಞೆ ಹೋಗುತ್ತದೆ. ನಡುವೆ ಮನುಷ್ಯ ಬರೆದಿಟ್ಟ ಪ್ರೋಗ್ರಾಮ್. ಇರಬೇಕಾದ ಅಂಕಿ ಎಷ್ಟು, ಈಗಿರುವುದು ಎಷ್ಟು, ಅಂತರ ಎಷ್ಟು ಹೊತ್ತಿನಿಂದ ಉಳಿದಿದೆ, ಎಷ್ಟು ಬೇಗ ಬದಲಾಗುತ್ತಿದೆ ಎಂಬ ಲೆಕ್ಕ ಹಾಕಿ ಡ್ಯಾಂಪರನ್ನು ತುಸು ತೆರೆಯುತ್ತದೆ, ತುಸು ಮುಚ್ಚುತ್ತದೆ, ಮತ್ತೆ ಅಳೆಯುತ್ತದೆ. ಹಗಲಿರುಳು ಇದೇ ಕಾಯಕ.

ಕೇಳುತ್ತಿದ್ದಂತೆ ನನಗೆ ಮೈಸೂರು ಮೆಡಿಕಲ್ ಕಾಲೇಜಿನ ಶರೀರಕ್ರಿಯಾಶಾಸ್ತ್ರದ ತರಗತಿ ನೆನಪಾಯಿತು. ಮೆದುಳಿನ ಹೈಪೊಥಲಾಮಸ್ ಮಾಡುವುದೂ ಇದನ್ನೇ. ಮೈ ತಣ್ಣಗಾದರೆ ನಡುಕ ಹುಟ್ಟಿಸುತ್ತದೆ, ಬಿಸಿಯಾದರೆ ಬೆವರಿಳಿಸುತ್ತದೆ. ಈ ಸಮತೋಲಕ್ಕೆ ವಾಲ್ಟರ್ ಕ್ಯಾನನ್ ಎಂಬ ಶರೀರವಿಜ್ಞಾನಿ 1926ರಲ್ಲಿ ‘ಹೋಮಿಯೊಸ್ಟಾಸಿಸ್’ ಎಂದು ಹೆಸರಿಟ್ಟರು. ಜ್ವರವೆಂದರೆ ಇರಬೇಕಾದ ಅಂಕಿಯನ್ನೇ ದೇಹವು ಮೇಲಕ್ಕೆ ಸರಿಸಿಕೊಂಡ ಸ್ಥಿತಿ. ಆದ್ದರಿಂದಲೇ 38 ಡಿಗ್ರಿ ಸುಡುವಾಗಲೂ ರೋಗಿಗೆ ಚಳಿಯೆನಿಸುತ್ತದೆ.

ಈ ವಿದ್ಯೆ ಹುಟ್ಟಿ ಬೆಳೆದದ್ದು ನಾನಿರುವ ಸೀಮೆಯಲ್ಲೇ ಎಂಬುದನ್ನು ಇಂಜಿನಿಯರ್ ಹೆಮ್ಮೆಯಿಂದ ಹೇಳಿದರು. ನೆರೆಯ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ವಾರೆನ್ ಜಾನ್ಸನ್ ಎಂಬ ಉಪಾಧ್ಯಾಯರಿದ್ದರು. ಶಾಲೆಯ ಜವಾನನು ಗಳಿಗೆಗೊಮ್ಮೆ ತರಗತಿಗೆ ನುಗ್ಗಿ ಉಷ್ಣಮಾಪಕವನ್ನು ನೋಡಿ, ನೆಲಮಾಳಿಗೆಗೆ ಹೋಗಿ ಶಾಖವನ್ನು ಹೆಚ್ಚಿಸುವುದೋ ತಗ್ಗಿಸುವುದೋ ಮಾಡಬೇಕಿತ್ತು. ಪಾಠಕ್ಕೆ ಬರುವ ಈ ಭಂಗವನ್ನು ತಪ್ಪಿಸಲು, ಕೋಣೆಯಿಂದಲೇ ನೆಲಮಾಳಿಗೆಗೆ ವಿದ್ಯುತ್ ಸಂಕೇತ ಕಳುಹಿಸುವ ಉಪಕರಣವನ್ನು ರೂಪಿಸಿ 1883ರಲ್ಲಿ ಪೇಟೆಂಟ್ ಪಡೆದರು. ಎರಡು ವರ್ಷಗಳ ನಂತರ ಮಿನಿಯಾಪೊಲಿಸ್‌ನಲ್ಲೇ ಆಲ್ಬರ್ಟ್ ಬಟ್ಜ್ ಎಂಬವರು ಒಲೆಯ ಗಾಳಿಬಾಯಿಯನ್ನು ತಾನಾಗಿ ಎತ್ತಿ ಇಳಿಸುವ ಸಾಧನವನ್ನು ಮಾಡಿದರು. ಒಂದು ಶತಮಾನದ ಬಳಿಕ ಈ ಉಪಕರಣಗಳು ಕಂಪ್ಯೂಟರ್‌ಗಳಾದಾಗ ಹೊಸ ತೊಡಕು ಎದುರಾಯಿತು: ಒಂದು ಕಂಪನಿಯ ಕಂಟ್ರೋಲರ್‌ನ ಭಾಷೆ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಅದಕ್ಕಾಗಿ 1987ರಲ್ಲಿ ಕೆಲಸ ಆರಂಭವಾಗಿ, 1995ರಲ್ಲಿ ‘ಬ್ಯಾಕ್‌ನೆಟ್’ ಎಂಬ ಸಾಮಾನ್ಯ ಭಾಷೆ ಪ್ರಕಟವಾಯಿತು. ಇಂದು ನೆಲಮಾಳಿಗೆಯ ಪರದೆಯೊಂದರಲ್ಲಿ ಇಡೀ ಆಸ್ಪತ್ರೆಯ ಗಾಳಿಯನ್ನು ನೋಡಬಹುದು.

ಹಾಗಾದರೆ ತಪ್ಪಾದದ್ದೆಲ್ಲಿ? ಇಂಜಿನಿಯರ್ ಆ ಕೋಣೆಯ ಒತ್ತಡದ ನಕ್ಷೆಯನ್ನು ತೆರೆದರು. ತಿಂಗಳುಗಟ್ಟಲೆಯ ದಾಖಲೆ. ಪಕ್ಕದ ಕೋಣೆಗಳ ಗೆರೆಗಳು ಬಾಗಿಲು ತೆರೆದಾಗಲೆಲ್ಲ, ಗಾಳಿ ಬೀಸಿದಾಗಲೆಲ್ಲ ಅಲ್ಲಾಡಿದ್ದವು. ನಮ್ಮ ಕೋಣೆಯದು ಅಡಿಪಟ್ಟಿ ಹಿಡಿದು ಎಳೆದಂತೆ ನೇರ. ಮೈನಸ್ 5.0, ಮೈನಸ್ 5.0, ಮೈನಸ್ 5.0.

ನನಗೆ ಅವರು ವಿವರಿಸಬೇಕಾಗಲಿಲ್ಲ. ವಾರ್ಡಿನ ದಾಖಲೆಪುಸ್ತಕದಲ್ಲಿ ಎಲ್ಲ ರೋಗಿಗಳ ಉಸಿರಾಟವೂ ಪ್ರತಿ ಸಲವೂ ನಿಮಿಷಕ್ಕೆ 18 ಎಂದು ಬರೆದಿದ್ದರೆ, ಯಾರೂ ಎಣಿಸಿಲ್ಲವೆಂದು ಪ್ರತಿಯೊಬ್ಬ ವೈದ್ಯನಿಗೂ ಗೊತ್ತು. ಜೀವಂತ ವಸ್ತುವಿನ ಅಂಕಿ ಕದಲುತ್ತದೆ. ಆರೋಗ್ಯವಂತನ ನಾಡಿಯೂ ಉಸಿರಿನೊಂದಿಗೆ ತುಸು ಏರಿಳಿಯುತ್ತದೆ.

ಬ್ಯಾಕ್‌ನೆಟ್ ಭಾಷೆಯಲ್ಲಿ ಸೆನ್ಸರ್‌ನ ಅಳತೆಗೆ ‘ಸೇವೆಯಲ್ಲಿಲ್ಲ’ ಎಂಬ ಗುರುತು ಹಚ್ಚುವ ಅವಕಾಶವಿದೆ. ಹಚ್ಚಿದರೆ ಕಂಟ್ರೋಲರ್ ಸೆನ್ಸರ್‌ನ ಮಾತನ್ನು ಕೇಳುವುದಿಲ್ಲ. ಮನುಷ್ಯ ಟೈಪ್ ಮಾಡಿದ ಅಂಕಿಯನ್ನೇ ನಿಜವೆಂದು ಸ್ವೀಕರಿಸುತ್ತದೆ. ದುರಸ್ತಿಯ ವೇಳೆ ಇದು ಅಗತ್ಯ. ಹಿಂದೊಮ್ಮೆ ಸೆನ್ಸರ್‌ ಕೆಟ್ಟು ಅಲಾರಂ ಹೊಡೆದುಕೊಳ್ಳುತ್ತಿದ್ದಾಗ ಯಾರೋ ಮೈನಸ್ 5 ಎಂದು ಬರೆದು ಅದರ ಬಾಯಿ ಮುಚ್ಚಿಸಿದ್ದರು. ಸೆನ್ಸರ್‌ ಬದಲಾಯಿತು, ಗುರುತನ್ನು ತೆಗೆಯಲು ಮರೆತರು. ಆಮೇಲೆ ಛಾವಣಿಯ ಮೇಲೆ ಗಾಳಿಯನ್ನು ಹೊರದೂಡುವ ಫ್ಯಾನಿನ ಬೆಲ್ಟ್ ಸಡಿಲಾಯಿತು. ಕೋಣೆಗೆ ಬರುವ ಗಾಳಿ ಹೆಚ್ಚಾಗಿ, ಹೋಗುವ ಗಾಳಿ ಕಡಿಮೆಯಾಯಿತು. ಎಲ್ಲವೂ ಸರಿಯಿದೆಯೆಂದು ನಂಬಿದ್ದ ಕಂಟ್ರೋಲರ್ ಏನನ್ನೂ ಮಾಡಲಿಲ್ಲ. ಬಾಗಿಲ ಬಳಿಯ ಫಲಕವೂ ಅದೇ ಕಂಟ್ರೋಲರ್‌ನ ಮಾತನ್ನೇ ತೋರಿಸುತ್ತಿತ್ತು.

ಆ ‘ಯಾರೋ’ ಒಬ್ಬರ ಮೇಲೆ ನಾನು ಕೋಪಗೊಳ್ಳಲಾರದಾದೆ. ಮೂರು ದಿನಕ್ಕೆಂದು ಆರಂಭಿಸಿ ನಿಲ್ಲಿಸಲು ಮರೆತ ಔಷಧಿ, ತೆಗೆಯಲು ಮರೆತ ಮೂತ್ರನಾಳದ ಕೊಳವೆ: ಇವು ನಮ್ಮ ವೃತ್ತಿಯ ನಿತ್ಯದ ಪಾಪಗಳು. ಅವುಗಳಿಗಾಗಿ ಪ್ರತಿ ಬೆಳಿಗ್ಗೆ ಪಟ್ಟಿ ಹಿಡಿದು ರೌಂಡ್ಸ್ ಮಾಡುತ್ತೇವೆ. ನೆಲಮಾಳಿಗೆಯಲ್ಲಿ ಅಂಥ ರೌಂಡ್ಸ್ ಇರಲಿಲ್ಲ. ಈಗ ಇದೆ. ಮನುಷ್ಯ ಕೈಯಿಟ್ಟು ನಿಲ್ಲಿಸಿದ ಎಲ್ಲ ಅಂಕಿಗಳ ಪಟ್ಟಿ ಪ್ರತಿ ಸೋಮವಾರ ಮುದ್ರಣವಾಗುತ್ತದೆ. ಪ್ರತ್ಯೇಕ ಕೋಣೆಗಳ ಪ್ರತಿ ನಮ್ಮ ವಾರ್ಡಿಗೂ ಬರುತ್ತದೆ. ಕೋಣೆ ಬಳಕೆಯಲ್ಲಿರುವಾಗ ಫಲಕ ಏನೇ ಹೇಳಲಿ, ದಿನಕ್ಕೊಮ್ಮೆ ಕಣ್ಣಾರೆ ಪರೀಕ್ಷಿಸಬೇಕೆಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯ ಸಲಹೆ. ಅದನ್ನೀಗ ಯಾರೂ ತಪ್ಪಿಸುವುದಿಲ್ಲ.

ತಾಯಿಗೆ ಕ್ಷಯವಿದ್ದುದು ಖಚಿತವಾಯಿತು. ಆ ಸಂಜೆ ಓಣಿಯಲ್ಲಿದ್ದವರೆಲ್ಲರ ರಕ್ತಪರೀಕ್ಷೆ ಮಾಡಿ, ಎಂಟು ವಾರಗಳ ನಂತರ ಮತ್ತೆ ಮಾಡಿದೆವು. ಆ ಎಂಟು ವಾರ ಎದುರು ಕೋಣೆಯ ರೋಗಿಯ ಮುಖ ನೋಡುವಾಗಲೆಲ್ಲ ನನಗೆ ಅಳುಕು. ಕೊನೆಗೆ ಯಾರಿಗೂ ಸೋಂಕು ತಗುಲಿರಲಿಲ್ಲ.

ವಿದ್ಯಾರ್ಥಿಯಾಗಿದ್ದಾಗ ನಾನು ಮೈಸೂರಿನ ಪಿ.ಕೆ.ಟಿ.ಬಿ. ಸ್ಯಾನಟೋರಿಯಂನಲ್ಲಿ ಕೆಲಸ ಮಾಡಿದ್ದೆ. ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆಸ್ಪತ್ರೆ ಅದು. ಎತ್ತರದ ಸೂರು, ದೊಡ್ಡ ಕಿಟಕಿಗಳು, ಸುತ್ತ ಮರಗಳು. ಅದನ್ನು ಬಡತನದ ವ್ಯವಸ್ಥೆಯೆಂದು ಆಗ ಭಾವಿಸಿದ್ದೆ. 2007ರಲ್ಲಿ ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳ ಅಧ್ಯಯನವೊಂದು ಪ್ರಕಟವಾಯಿತು. ಕಿಟಕಿ ಬಾಗಿಲುಗಳನ್ನು ತೆರೆದಿಟ್ಟ ಕೋಣೆಗಳಲ್ಲಿ ಗಾಳಿ ಗಂಟೆಗೆ ಸರಾಸರಿ 28 ಬಾರಿ ಬದಲಾಗುತ್ತಿತ್ತು. ಯಂತ್ರವಿದ್ದ ಕೋಣೆಗಳಲ್ಲಿ 12 ಬಾರಿ. ಎತ್ತರದ ಸೂರಿನ ಹಳೆಯ ಕಟ್ಟಡಗಳೇ ಹೆಚ್ಚು ಸುರಕ್ಷಿತವಾಗಿದ್ದವು. ಆದರೆ ಮೈನಸ್ 25 ಡಿಗ್ರಿಯ ಊರಿನಲ್ಲಿ ಕಿಟಕಿ ತೆರೆಯುವಂತಿಲ್ಲ. ಇಲ್ಲಿ ಯಂತ್ರ ಬೇಕೇ ಬೇಕು. ಅದರೊಂದಿಗೆ ಅದನ್ನು ಸಂಶಯಿಸುವ ದಾದಿಯೂ ಬೇಕು.

ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ಆ ತಾಯಿ ಮಗನೊಂದಿಗೆ ತಪಾಸಣೆಗೆ ಬಂದರು. ಮೈ ತುಂಬಿಕೊಂಡಿತ್ತು, ಕೆಮ್ಮು ನಿಂತಿತ್ತು. ಮನೆಯಲ್ಲಿ ಹೇಗಿದ್ದೀರಿ ಎಂದು ಕೇಳಿದೆ.

“ಚೆನ್ನಾಗಿದೀನಪ್ಪ. ಸೊಸೆ ಬೆಳಿಗ್ಗೆ ಎದ್ದ ಕೂಡಲೇ ಕಿಟಕಿ ತೆಗೀತಾಳೆ” ಎಂದರು.

ಅವರನ್ನು ಕಳುಹಿಸಿ ವಾರ್ಡಿಗೆ ಮರಳಿದೆ. ಪ್ರತ್ಯೇಕ ಕೋಣೆಯ ಫಲಕ ಮೈನಸ್ 4.6 ತೋರಿಸುತ್ತಿತ್ತು. ನಿಂತು ನೋಡಿದೆ. 4.8 ಆಯಿತು, ಮತ್ತೆ 4.5.