ಹೇಳಿದ್ದೊಂದು, ಕೇಳಿಸಿದ್ದೊಂದು

ವಿಮಾನದ ಪೈಲಟ್‌ಗೂ ನೆಲದ ಮೇಲಿನ ಸಂಚಾರ ನಿಯಂತ್ರಕರಿಗೂ ನಡುವಿನ ಕೊಂಡಿ ಇಂದಿಗೂ ಬಹುಮಟ್ಟಿಗೆ ಧ್ವನಿಯೇ. 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಪ್ರತಿ ವಲಯಕ್ಕೂ ಒಂದು ಕಂಪನಾಂಕ. ಅಲ್ಲಿ ಹಾರುವ ವಿಮಾನಗಳೆಲ್ಲ ಅದರಲ್ಲೇ ಸರದಿಯಂತೆ ಮಾತನಾಡಬೇಕು. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಎರಡೂ ಮಾತು ಕೆಟ್ಟು ಕರ್ಕಶ ಸಿಳ್ಳೆಯಷ್ಟೇ ಉಳಿಯುತ್ತದೆ. ಮುಖ ಕಾಣದ, ಕೈಸನ್ನೆಗೆ ಎಡೆಯಿಲ್ಲದ ಈ ಸಂಭಾಷಣೆಯಲ್ಲಿ ಕಿವಿಗೆ ಬೀಳದ ಮಾತಿಗಿಂತ, ಬಿದ್ದು ಬೇರೆ ಅರ್ಥ ಕೊಟ್ಟ ಮಾತೇ ಹೆಚ್ಚು ಅಪಾಯಕಾರಿ. ಕೇಳಿಸದಿದ್ದವರು ಮತ್ತೊಮ್ಮೆ ಕೇಳುತ್ತಾರೆ. ಅರ್ಥವಾಯಿತು ಎಂದುಕೊಂಡವರು ಕೇಳುವುದಿಲ್ಲ.

ಇದಕ್ಕೆ ಅತಿ ಘೋರ ಸಾಕ್ಷಿ 1977ರ ಮಾರ್ಚ್ 27ರಂದು ಕ್ಯಾನರಿ ದ್ವೀಪಗಳ ಟೆನೆರಿಫ್‌ನಲ್ಲಿ ನಡೆದ ದುರಂತ. ಪಕ್ಕದ ದ್ವೀಪದ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿದದ್ದರಿಂದ ಹಲವು ವಿಮಾನಗಳು ಇಲ್ಲಿನ ಪುಟ್ಟ ನಿಲ್ದಾಣಕ್ಕೆ ಬಂದಿಳಿದಿದ್ದವು. ನಿಲ್ಲಲು ಜಾಗ ಸಾಲದೆ ಟ್ಯಾಕ್ಸಿವೇ ತುಂಬಿಹೋಗಿತ್ತು. ಹೀಗಾಗಿ ಹೊರಡುವ ವಿಮಾನಗಳು ರನ್‌ವೇ ಮೇಲೆಯೇ ಸಾಗಬೇಕಾಯಿತು. ಕೆಎಲ್‌ಎಂನ ಬೋಯಿಂಗ್ 747 ರನ್‌ವೇಯ ತುದಿ ತಲುಪಿ ತಿರುಗಿ ನಿಂತಿತ್ತು. ಪ್ಯಾನ್ ಆಮ್‌ನ ಇನ್ನೊಂದು 747 ಅದೇ ರನ್‌ವೇಯಲ್ಲಿ ಎದುರಿನಿಂದ ಬರುತ್ತಿತ್ತು. ದಟ್ಟ ಮಂಜು. ಗೋಪುರದಲ್ಲಿದ್ದವರಿಗೆ ಎರಡೂ ಕಾಣುತ್ತಿರಲಿಲ್ಲ. ನೆಲದ ಮೇಲಿನ ವಿಮಾನಗಳನ್ನು ತೋರಿಸುವ ರಾಡಾರ್ ಅಲ್ಲಿರಲಿಲ್ಲ.

ನಿಯಂತ್ರಕರು ಕೆಎಲ್‌ಎಂಗೆ ಕೊಟ್ಟದ್ದು ಹಾರಿದ ಮೇಲೆ ಹಿಡಿಯಬೇಕಾದ ಮಾರ್ಗದ ವಿವರವನ್ನು ಮಾತ್ರ. ಆದರೆ ಅದರೊಳಗೆ ‘ಟೇಕಾಫ್ ಆದ ಮೇಲೆ ಬಲಕ್ಕೆ ತಿರುಗಿ’ ಎಂಬ ಮಾತಿತ್ತು. ಸಹಪೈಲಟ್ ಅದನ್ನು ಮರುನುಡಿದು ಕೊನೆಗೆ ‘ವಿ ಆರ್ ನೌ ಅಟ್ ಟೇಕಾಫ್’ ಎಂದರು. ಅಷ್ಟರಲ್ಲಿ ಕ್ಯಾಪ್ಟನ್ ವಿಮಾನವನ್ನು ಓಡಿಸತೊಡಗಿದ್ದರು. ಟೇಕಾಫ್ ಮಾಡುವ ಜಾಗದಲ್ಲಿ ನಿಂತಿದ್ದೇವೆ ಎಂದು ನಿಯಂತ್ರಕರು ಅದನ್ನು ತಿಳಿದರು. ‘ಓಕೆ’ ಎಂದು ಒಂದು ಕ್ಷಣ ತಡೆದು, ‘ಟೇಕಾಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ’ ಎಂದರು. ಅದೇ ಹೊತ್ತಿಗೆ ಪ್ಯಾನ್ ಆಮ್, ತಾನಿನ್ನೂ ರನ್‌ವೇಯಲ್ಲೇ ಇದ್ದೇನೆ ಎಂದು ಕೂಗಿತು. ಎರಡು ಎಚ್ಚರಿಕೆಗಳೂ ಒಂದರ ಮೇಲೊಂದು ಬಿದ್ದು, ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸ್ಪಷ್ಟವಾಗಿ ಕೇಳಿದ್ದು ‘ಓಕೆ’ ಮಾತ್ರ. ಮುಂದಿನ ಕೆಲವು ಸೆಕೆಂಡುಗಳಲ್ಲಿ, ಪ್ಯಾನ್ ಆಮ್ ಇನ್ನೂ ರನ್‌ವೇ ಬಿಟ್ಟಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಅನುಮಾನದಿಂದ ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದರು. ಸತ್ತವರು 583 ಮಂದಿ.

ಆ ಬಳಿಕ ‘ಟೇಕಾಫ್’ ಪದಕ್ಕೇ ಕಟ್ಟುಪಾಡು ಬಂತು. ಹಾರಲು ಅನುಮತಿ ಕೊಡುವಾಗ ಅಥವಾ ಕೊಟ್ಟದ್ದನ್ನು ಹಿಂತೆಗೆಯುವಾಗ ಮಾತ್ರ ಅದನ್ನು ಆಡಬೇಕು, ಬೇರೆಡೆ ‘ಡಿಪಾರ್ಚರ್’. ಇಷ್ಟು ಸರಳವಾದ ನಿಯಮಕ್ಕೆ ಅಷ್ಟು ಜೀವಗಳು ಹೋಗಬೇಕಾಯಿತು ಎಂಬುದು ಸಂಕಟದ ಸಂಗತಿ.

ಸಂಖ್ಯೆಗಳದ್ದು ಇನ್ನೊಂದು ತೊಡಕು. 1989ರ ಫೆಬ್ರುವರಿ 19ರಂದು ಕ್ವಾಲಾಲಂಪುರದಲ್ಲಿ ಇಳಿಯಲಿದ್ದ ಫ್ಲೈಯಿಂಗ್ ಟೈಗರ್ ಸರಕು ವಿಮಾನಕ್ಕೆ ‘ಡಿಸೆಂಡ್ ಟು ಫೋರ್ ಜೀರೊ ಜೀರೊ’ ಎಂಬ ಸೂಚನೆ ಬಂತು. ಇಳಿಯಬೇಕಿದ್ದದ್ದು 2400 ಅಡಿಗೆ. ಆದರೆ ಇಂಗ್ಲಿಷ್‌ನಲ್ಲಿ ‘ಎರಡು’ ಎಂಬುದೂ ‘ಅಲ್ಲಿಗೆ’ ಎಂಬುದೂ ಕಿವಿಗೆ ಒಂದೇ ‘ಟು’. ಪೈಲಟ್ ‘ಫೋರ್ ಜೀರೊ ಜೀರೊ’ ಎಂದು ಮರುನುಡಿದರು. ಆ ತಪ್ಪನ್ನು ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು. ಮರುನುಡಿಯನ್ನು ಕೇಳಿ ತಾಳೆ ನೋಡುವುದು ನಿಯಂತ್ರಕರ ಕೆಲಸದ ಅರ್ಧ ಭಾಗ ಎನ್ನುವುದು ಇದೇ ಕಾರಣಕ್ಕೆ. ಗದ್ದಲದಲ್ಲಿ ‘ಫೈವ್’, ‘ನೈನ್’ ಬೆರೆತುಹೋಗುವುದರಿಂದ ಅವು ರೇಡಿಯೊದಲ್ಲಿ ‘ಫೈಫ್’, ‘ನೈನರ್’ ಆಗಿವೆ.

ಕೆಲವೊಮ್ಮೆ ಪದ ಸ್ಪಷ್ಟವಾಗಿಯೇ ಇರುತ್ತದೆ, ತೂಕ ಸಾಲದು. 1990ರ ಜನವರಿ 25ರಂದು ಕೊಲಂಬಿಯಾದ ಅವಿಯಾಂಕ 52 ವಿಮಾನ ನ್ಯೂಯಾರ್ಕ್‌ಗೆ ಹೋಗುವ ಹಾದಿಯಲ್ಲಿ ಒಂದು ಗಂಟೆಗೂ ಹೆಚ್ಚು ಕಾಯುತ್ತ ಸುತ್ತಿತು. ಸಿಬ್ಬಂದಿ ‘ಆದ್ಯತೆ’ ಕೇಳಿದರು, ಇಂಧನ ಮುಗಿಯುತ್ತಿದೆ ಎಂದರು, ‘ಎಮರ್ಜೆನ್ಸಿ’ ಎನ್ನಲಿಲ್ಲ. ಆ ಒಂದು ಪದವಿಲ್ಲದೆ ನಿಯಂತ್ರಕರಿಗೆ ಅದು ಸರದಿಯಲ್ಲಿರುವ ಮತ್ತೊಂದು ವಿಮಾನವಷ್ಟೇ ಆಗಿತ್ತು. ಎಂಜಿನ್‌ಗಳು ಒಂದೊಂದಾಗಿ ನಿಂತು ವಿಮಾನ ಲಾಂಗ್ ಐಲೆಂಡ್‌ನಲ್ಲಿ ಬಿತ್ತು. 158 ಮಂದಿಯಲ್ಲಿ 73 ಮಂದಿ ಉಳಿಯಲಿಲ್ಲ.

ಭಾರತದ ಪಾಠ ಹರಿಯಾಣದ ಚರ್ಖಿ ದಾದ್ರಿಯದು. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಹೊರಟ ಸೌದಿಯಾ 747 ವಿಮಾನಕ್ಕೆ 14,000 ಅಡಿ, ಎದುರಿನಿಂದ ಇಳಿಯುತ್ತಿದ್ದ ಕಜಕಸ್ತಾನದ ಇಲ್ಯೂಷಿನ್‌ಗೆ 15,000 ಅಡಿ ಎಂದು ಸೂಚನೆಯಿತ್ತು. ಎದುರಿಗೆ ವಿಮಾನವಿದೆ ಎಂದು ನಿಯಂತ್ರಕರು ಎಚ್ಚರಿಸಿಯೂ ಇದ್ದರು. ಆದರೆ ಇಲ್ಯೂಷಿನ್‌ನಲ್ಲಿ ಮಾತುಕತೆ ನಡೆಸುತ್ತಿದ್ದವರು ರೇಡಿಯೊ ಆಪರೇಟರ್. ವಿಮಾನ ನಡೆಸುತ್ತಿದ್ದವರು ಪೈಲಟ್‌ಗಳು. ಅದು ತನ್ನ ಎತ್ತರ ಬಿಟ್ಟು ಕೆಳಗಿಳಿಯಿತು. 349 ಜನರ ಸಾವಿನ ತನಿಖೆ ನಡೆಸಿದ ನ್ಯಾಯಮೂರ್ತಿ ಲಾಹೋಟಿ ಆಯೋಗ, ಇಲ್ಯೂಷಿನ್ ಕೆಳಗಿಳಿದದ್ದೇ ಕಾರಣ ಎಂದಿತು. ಆಗ ದೆಹಲಿಯ ರಾಡಾರ್‌ನಲ್ಲಿ ವಿಮಾನದ ಎತ್ತರ ಕಾಣುತ್ತಿರಲಿಲ್ಲ. ಬಾಯಿಂದ ಬಂದದ್ದನ್ನೇ ನಂಬಬೇಕಿತ್ತು. ಮುಂದೆ ಬರುವ, ಹೋಗುವ ವಿಮಾನಗಳ ಹಾದಿ ಬೇರೆಯಾಯಿತು. ಡಿಕ್ಕಿ ತಪ್ಪಿಸುವ ಉಪಕರಣ ಕಡ್ಡಾಯವಾಯಿತು.

ಅಂತರರಾಷ್ಟ್ರೀಯ ಹಾರಾಟದ ಪೈಲಟ್, ನಿಯಂತ್ರಕರಿಗೆ ಆರು ಹಂತಗಳ ಇಂಗ್ಲಿಷ್ ಪರೀಕ್ಷೆ ಬಂದದ್ದು 2008ರಲ್ಲಿ. ಕನಿಷ್ಠ ನಾಲ್ಕನೆಯ ಹಂತ ಮುಟ್ಟಬೇಕು. ಸಾಗರದ ಮೇಲೆ ಹಾರುವಾಗ ಈಗ ಸೂಚನೆಗಳು ಅಕ್ಷರರೂಪದಲ್ಲಿ ತೆರೆಯ ಮೇಲೆ ಬರುತ್ತವೆ. ಆದರೆ ಸೆಕೆಂಡುಗಳ ಲೆಕ್ಕವಿರುವ ರನ್‌ವೇ ಬಳಿ ಮಾತೇ ಗತಿ. 2024ರ ಜನವರಿ 2ರಂದು ಟೋಕಿಯೊದ ಹನೇದಾದಲ್ಲಿ ಕರಾವಳಿ ಕಾವಲು ಪಡೆಯ ವಿಮಾನಕ್ಕೆ, ಹೊರಡುವ ಸರದಿಯಲ್ಲಿ ‘ನಂಬರ್ ಒನ್’ ಎಂದು ತಿಳಿಸಿ, ರನ್‌ವೇಗೆ ಮುಂಚಿನ ಗೆರೆಯವರೆಗೆ ಮಾತ್ರ ಬರಲು ಹೇಳಲಾಗಿತ್ತು. ಕ್ಯಾಪ್ಟನ್ ಅನುಮತಿ ಸಿಕ್ಕಿತೆಂದೇ ತಿಳಿದು ರನ್‌ವೇ ಹೊಕ್ಕರು. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಅಪ್ಪಳಿಸಿತು. ಅದರಲ್ಲಿದ್ದ 379 ಮಂದಿಯೂ ಪಾರಾದರು. ಕಾವಲು ಪಡೆಯ ಆರು ಜನರಲ್ಲಿ ಐವರು ಸತ್ತರು. ಅದಾದ ಮೇಲೆ ಜಪಾನ್ ಕೆಲಕಾಲ ಸರದಿಯ ಸಂಖ್ಯೆ ಹೇಳುವುದನ್ನೇ ನಿಲ್ಲಿಸಿತು.